ಬೆಟ್ಟಾ ತೊಟ್ಟಿಯ ಗಿಡ ಸೊರಗಿದರೆ: ಕಡಿಮೆ ಬೆಳಕಿನ ಜಲಸಸ್ಯಗಳ ದೋಷ ನಿವಾರಣೆ ಕೈಪಿಡಿ

ನಮ್ಮಲ್ಲಿ ಫೈಟರ್ ಎಂದೇ ಹೆಸರಾದ ಬೆಟ್ಟಾ ಮೀನಿಗಾಗಿ 15ರಿಂದ 20 ಲೀಟರಿನ ಗಾಜಿನ ತೊಟ್ಟಿ ಇಟ್ಟು, ‘ಬೆಳಕು ಹೆಚ್ಚು ಬೇಡ, ಆರೈಕೆಯೂ ಬೇಡ’ ಎಂಬ ಮಾತನ್ನು ನಂಬಿ ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್ ತಂದವರಲ್ಲಿ ಹಲವರು ಎರಡು ತಿಂಗಳೊಳಗೆ ಒಂದೇ ದೂರು ಹೇಳುತ್ತಾರೆ: ಎಲೆ ಕರಗುತ್ತಿದೆ, ಬಹುಶಃ ಬೆಳಕು ಸಾಲದು. ಆ ಊಹೆಯ ಮೇಲೆ ದೊಡ್ಡ ಲೈಟು ಬರುತ್ತದೆ, ಲೈಟಿನ ಹಿಂದೆಯೇ ಪಾಚಿ ಬರುತ್ತದೆ, ಪಾಚಿಗೆಂದು ಔಷಧಿ ಬರುತ್ತದೆ, ಕೊನೆಗೆ ತೊಂದರೆ ಮೀನಿನ ಮೈಗೆ ತಗಲುತ್ತದೆ. ನಾನು ಕಂಡಂತೆ ಸಣ್ಣ ತೊಟ್ಟಿಯಲ್ಲಿ ಈ ಗಿಡಗಳು ಬೆಳಕಿನ ಕೊರತೆಯಿಂದ ಸಾಯುವುದು ಅಪರೂಪ. ನೆಟ್ಟ ರೀತಿ, ವಾತಾವರಣದ ಬದಲಾವಣೆ ಮತ್ತು ನೀರಿಗೆ ನಾವೇ ಸುರಿದ ಪದಾರ್ಥ, ಈ ಮೂರೇ ಹೆಚ್ಚಿನ ಕಾರಣಗಳು. ಆದ್ದರಿಂದ ಈ ಕೈಪಿಡಿಯಲ್ಲಿ ಲೈಟನ್ನು ಬೇಕೆಂದೇ ಹಿಂದಕ್ಕೆ ಇಟ್ಟಿದ್ದೇನೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ, ಹಣ ಬೇಡುವವು ಆಮೇಲೆ.

ಯಾವುದನ್ನೂ ಬದಲಿಸುವ ಮೊದಲು

ನೀರಿಗೆ ಕೈ ಹಾಕುವ ಮುನ್ನ ಲೈಟು, ಫಿಲ್ಟರ್, ಹೀಟರ್ ಮೂರನ್ನೂ ಸ್ವಿಚ್ ಆರಿಸಿ ಪ್ಲಗ್ಗಿನಿಂದಲೇ ಕಳಚಬೇಕು. ವೈರು ತೊಟ್ಟಿಯಿಂದ ನೇರವಾಗಿ ಸಾಕೆಟ್ಟಿಗೆ ಇಳಿಯುವಂತಿದ್ದರೆ ಅದರ ಮೇಲೆ ಹರಿದ ಹನಿ ಸಾಕೆಟ್ಟಿನೊಳಕ್ಕೇ ಹೋಗುತ್ತದೆ. ವೈರು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮತ್ತೆ ಮೇಲೇರುವಂತೆ ಬಿಡಬೇಕು. ಹೀಟರನ್ನು ಆರಿಸಿದ ಕೂಡಲೇ ನೀರಿನಿಂದ ಎತ್ತಿದರೆ, ಅಥವಾ ನೀರು ಖಾಲಿ ಮಾಡುವಾಗ ಉರಿಯಲು ಬಿಟ್ಟರೆ, ಅದರ ಗಾಜು ಸೀಳಬಹುದು. ಕಾಲು ಗಂಟೆ ತಣಿಯಲು ಬಿಡುವುದು ಒಳ್ಳೆಯದು. ಕೈಯಲ್ಲಿ ಗಾಯವಿದ್ದರೆ ರಬ್ಬರ್ ಗ್ಲೌಸ್ ಧರಿಸಬೇಕು, ಪೈಪಿನಿಂದ ನೀರೆಳೆಯಲು ಬಾಯಿ ಹಚ್ಚಬಾರದು. ಮೀನಿನ ತೊಟ್ಟಿಯ ನೀರಿನಲ್ಲಿ ಇರಬಹುದಾದ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಸೂಕ್ಷ್ಮಾಣು ಗಾಯದ ಮೂಲಕ ಒಳಹೊಕ್ಕು ವಾರಗಟ್ಟಲೆ ಮಾಯದ ಗಂಟುಗಳನ್ನು ಎಬ್ಬಿಸಬಲ್ಲದು. ಅಂಥ ಗಂಟು ಕಂಡರೆ ವೈದ್ಯರಿಗೆ ಮನೆಯಲ್ಲಿ ಮೀನಿನ ತೊಟ್ಟಿ ಇದೆಯೆಂದು ತಪ್ಪದೆ ಹೇಳಬೇಕು, ಏಕೆಂದರೆ ಅವರಾಗಿ ಅದನ್ನು ಕೇಳುವ ಸಂಭವ ಕಡಿಮೆ.

ಇನ್ನು ಪರೀಕ್ಷೆಗೆ ಬರೋಣ. ಮೊದಲು ಮೂಗು: ಆರೋಗ್ಯದ ತೊಟ್ಟಿ ಮೊದಲ ಮಳೆಗೆ ನೆನೆದ ಮಣ್ಣಿನಂತೆ ನವಿರಾಗಿ ವಾಸನೆ ಬರುತ್ತದೆ, ಕೊಳೆತ ಮೊಟ್ಟೆಯ ನಾತ ಬಂದರೆ ತಳದ ಜಲ್ಲಿಯಲ್ಲಿ ಗಾಳಿಯಾಡದೆ ಏನೋ ಕೊಳೆಯುತ್ತಿದೆ. ಅನಂತರ ಕಣ್ಣು: ಸೊರಗಿದ ಹಳೆಯ ಎಲೆಯನ್ನು ಬಿಟ್ಟು, ಗಿಡದ ಸುಳಿಯಿಂದ ಬರುತ್ತಿರುವ ಹೊಸ ಎಲೆಯನ್ನು ನೋಡಬೇಕು. ಹಳೆಯ ಎಲೆ ಎಂಟು ವಾರದ ಹಿಂದಿನ ಕಥೆಯನ್ನು ಹೇಳುತ್ತದೆ, ಹೊಸ ಎಲೆ ಈ ವಾರದ್ದನ್ನು. ಹೊಸ ಎಲೆ ಚೊಕ್ಕಟವಾಗಿದ್ದರೆ ಹಳೆಯದು ಎಷ್ಟೇ ಹಾಳಾಗಿದ್ದರೂ ಗಾಬರಿ ಬೇಡ. ಕೊನೆಯದಾಗಿ, ಒಂದೇ ಜಾತಿಯ ಗಿಡ ಸೊರಗಿದೆಯೋ ಅಥವಾ ಎಲ್ಲವೂ ಒಟ್ಟಿಗೆ ಸೊರಗಿವೆಯೋ ಎಂದು ಗುರುತಿಸಿಕೊಳ್ಳಬೇಕು. ಒಂದೇ ಜಾತಿಯಾದರೆ ನೆಟ್ಟ ರೀತಿಯನ್ನೋ ಹೊಂದಾಣಿಕೆಯನ್ನೋ ಶಂಕಿಸಬೇಕು. ಎಲ್ಲವೂ ಒಟ್ಟಿಗಾದರೆ ನೀರನ್ನು.

ಲಕ್ಷಣ: ಅನುಬಿಯಾಸ್ ಎಲೆ ಹಸಿರಾಗಿರುವಾಗಲೇ ತೊಟ್ಟಿನ ಸಮೇತ ಕಳಚಿ ತೇಲುತ್ತಿದೆ

ನನ್ನ ಮೊದಲ ಅನುಬಿಯಾಸ್ ಹೀಗೆಯೇ ಹೋಯಿತು. ಒಂದು ಬೆಳಿಗ್ಗೆ ಅಂಗೈಯ ಅರ್ಧದಷ್ಟಿದ್ದ ಎಲೆಯೊಂದು ನೀರಿನ ಮೇಲೆ ತೇಲುತ್ತಿತ್ತು, ಮೀನು ಅದರ ಮೇಲೆ ಮೈಚಾಚಿ ಮಲಗಿತ್ತು. ಎಲೆಯಲ್ಲಿ ಒಂದು ಕಲೆಯೂ ಇರಲಿಲ್ಲವಾದ್ದರಿಂದ ಮೀನೇ ಜಗ್ಗಿ ಕಿತ್ತಿರಬೇಕೆಂದುಕೊಂಡು, ಆ ನೋಟವನ್ನು ಎರಡು ದಿನ ಮನೆಯವರಿಗೆಲ್ಲ ತೋರಿಸಿದೆ. ಮೂರನೆಯ ದಿನ ಇನ್ನೂ ಮೂರು ಎಲೆ ತೇಲಿದವು. ಜಲ್ಲಿ ಸರಿಸಿ ನೋಡಿದರೆ ಗಿಡದ ಬುಡ ಬೆರಳಿಗೆ ಅಂಟುವ ಲೋಳೆಯಾಗಿತ್ತು.

ಅನುಬಿಯಾಸ್ ಮತ್ತು ಜಾವಾ ಫರ್ನ್ ಎರಡಕ್ಕೂ ಎಲೆಗಳ ಬುಡದಲ್ಲಿ ಅಡ್ಡಕ್ಕೆ ಬೆಳೆಯುವ ದಪ್ಪ ಕಾಂಡವಿದೆ. ಇದನ್ನು ರೈಜೋಮ್ ಎನ್ನುತ್ತಾರೆ. ಸಣ್ಣ ಅರಿಶಿನದ ಕೊಂಬನ್ನು ನೆನೆದುಕೊಂಡರೆ ಅದರ ಆಕಾರ ತಿಳಿಯುತ್ತದೆ. ಅರಿಶಿನವನ್ನು ಮಣ್ಣಿನೊಳಗೆ ಹೂಳುತ್ತೇವೆ, ಇದನ್ನು ಮಾತ್ರ ಹೂಳಬಾರದು. ಪಶ್ಚಿಮ ಆಫ್ರಿಕದ ಹಳ್ಳಗಳಲ್ಲಿ ಅನುಬಿಯಾಸ್ ಬಂಡೆಗೂ ಮರದ ಬೇರಿಗೂ ಅಂಟಿಕೊಂಡೇ ಬೆಳೆಯುತ್ತದೆ. ಜಲ್ಲಿಯಲ್ಲಿ ಮುಚ್ಚಿಹೋದ ರೈಜೋಮಿಗೆ ನೀರಿನ ಹರಿವು ತಾಕದೆ ಅದು ಒಳಗಿನಿಂದ ಕೊಳೆಯುತ್ತದೆ, ಎಲೆಗೆ ಸುದ್ದಿ ಮುಟ್ಟುವ ಮೊದಲೇ ತೊಟ್ಟು ಕಳಚುತ್ತದೆ.

ಗಿಡವನ್ನು ಹೊರತೆಗೆದು ಹರಿಯುವ ನೀರಿನಲ್ಲಿ ತೊಳೆದು, ರೈಜೋಮನ್ನು ಹೆಬ್ಬೆರಳು ತೋರುಬೆರಳ ನಡುವೆ ಉದ್ದಕ್ಕೂ ಒತ್ತುತ್ತಾ ಹೋಗಬೇಕು. ಗಟ್ಟಿಯಾದ ಭಾಗ ಜೀವಂತ. ಕಳಿತ ಬಾಳೆಹಣ್ಣಿನಂತೆ ಒಳಕ್ಕೆ ಕುಸಿಯುವ, ಕಂದು ಬಣ್ಣದ, ನಾರುವ ಭಾಗ ಸತ್ತದ್ದು. ಹೊಸ ಬ್ಲೇಡಿನಿಂದ ಸತ್ತ ಭಾಗವನ್ನು ಕತ್ತರಿಸಿ, ಕತ್ತರಿಸಿದ ಮುಖ ತಿಳಿ ಹಸಿರಾಗಿ ಅಥವಾ ಕೆನೆಬಣ್ಣವಾಗಿ ಕಾಣುವವರೆಗೂ ಹಿಂದಕ್ಕೆ ಸರಿಯಬೇಕು. ಒಂದು ಕಂದು ಚುಕ್ಕೆ ಉಳಿದರೂ ಕೊಳೆ ಮತ್ತೆ ಹಬ್ಬುತ್ತದೆ. ಮೂರ್ನಾಲ್ಕು ಎಲೆ ಉಳಿದ ತುಂಡನ್ನು ಹತ್ತಿಯ ದಾರದಿಂದ ಕಲ್ಲಿಗೋ ಮರದ ತುಂಡಿಗೋ ಕಟ್ಟಬೇಕು. ದಾರ ಕೆಲವು ವಾರಗಳಲ್ಲಿ ತಾನಾಗಿ ಕೊಳೆತು ಬೀಳುವ ಹೊತ್ತಿಗೆ ಬೇರು ಕಲ್ಲನ್ನು ಹಿಡಿದಿರುತ್ತದೆ. ಸಯನೋಅಕ್ರಿಲೇಟ್ ಇರುವ ಸೂಪರ್ ಗ್ಲೂ ಜೆಲ್ ಕೂಡ ನಡೆಯುತ್ತದೆ, ಒಣಗಿದ ಮೇಲೆ ಅದರಿಂದ ಮೀನಿಗೆ ತೊಂದರೆಯಿಲ್ಲ. ಬೆರಳು ಅಂಟದಂತೆ, ಕಣ್ಣಿಗೆ ತಾಗದಂತೆ ನೋಡಿಕೊಂಡರೆ ಸಾಕು.

ಕುಂಡದಲ್ಲಿ ಕೊಂಡ ಗಿಡವಾದರೆ ಬೇರಿನ ಸುತ್ತ ಹಳದಿ ಉಣ್ಣೆಯಂಥ ರಾಕ್‌ವುಲ್ ಇರುತ್ತದೆ. ಅದನ್ನು ಚಿಮುಟದಿಂದ ಪೂರ್ತಿ ಬಿಡಿಸಬೇಕು. ಕಟ್ಟು ಗಿಡಗಳಿಗೆ ಸುತ್ತಿರುವ ಲೋಹದ ಪಟ್ಟಿಯನ್ನೂ ತೆಗೆದುಹಾಕಬೇಕು, ಅದು ಬುಡವನ್ನು ಹಿಸುಕುತ್ತದೆ.

ಲಕ್ಷಣ: ತಂದು ನೆಟ್ಟ ಹತ್ತು ಹದಿನೈದು ದಿನಕ್ಕೆ ಎಲೆಗಳೆಲ್ಲ ಕರಗಿ ಹೋದವು

ಕ್ರಿಪ್ಟೊಕೊರೈನ್ ಬೆಳೆಸುವವರೆಲ್ಲ ಇದನ್ನು ಒಮ್ಮೆಯಾದರೂ ಕಂಡಿರುತ್ತಾರೆ. ನಿನ್ನೆ ನೆಟ್ಟಗಿದ್ದ ಎಲೆ ಇಂದು ಗಾಜಿನಂತೆ ಪಾರದರ್ಶಕವಾಗಿ, ನಾಳೆ ಬೇಯಿಸಿದ ಬಸಳೆ ಸೊಪ್ಪಿನಂತೆ ಜೋಲುತ್ತದೆ. ಮಾರಾಟದ ಗಿಡಗಳಲ್ಲಿ ಬಹುಪಾಲನ್ನು ನರ್ಸರಿಯಲ್ಲಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸಿರುತ್ತಾರೆ. ಆ ಎಲೆ ಗಾಳಿಗೆಂದು ಬೆಳೆದದ್ದು, ನೀರಿನೊಳಗೆ ಅದು ಬದುಕದು. ಗಿಡ ಅದನ್ನು ಬಿಟ್ಟುಕೊಟ್ಟು, ಬೇರಿನ ಬಲದಿಂದ ನೀರಿಗೆ ತಕ್ಕ ತೆಳು ಎಲೆಯನ್ನು ಹೊರಡಿಸಬೇಕು, ಅದಕ್ಕೆ ಮೂರರಿಂದ ಆರು ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ಗಿಡ ಸತ್ತಿತೆಂದು ಕಿತ್ತು ಎಸೆಯುವುದೇ ಜನ ಮಾಡುವ ದೊಡ್ಡ ತಪ್ಪು. ಬುಡ ಗಟ್ಟಿಯಾಗಿ, ಬೇರು ಬಿಳಿಯಾಗಿ ಇದ್ದರೆ ಗಿಡ ಬದುಕಿದೆ. ಕರಗಿದ ಎಲೆಯನ್ನು ಮಾತ್ರ ದಿನವೂ ತೆಗೆಯಬೇಕು, ಏಕೆಂದರೆ 15 ಲೀಟರ್ ನೀರಿನಲ್ಲಿ ಕೊಳೆಯುವ ನಾಲ್ಕು ಎಲೆ, ಮೀನಿಗೆ ವಿಷವಾದ ಅಮೋನಿಯ ಏರಲು ಸಾಕು.

ಹೊಂದಿಕೊಂಡ ಕ್ರಿಪ್ಟ್ (ಕ್ರಿಪ್ಟೊಕೊರೈನ್) ಕೂಡ ಮತ್ತೆ ಕರಗುವುದುಂಟು. ಗಿಡವನ್ನು ಕಿತ್ತು ಬೇರೆಡೆ ನೆಟ್ಟರೆ, ಒಮ್ಮೆಗೇ ಅರ್ಧ ತೊಟ್ಟಿ ನೀರು ಬದಲಿಸಿದರೆ, ಬೇಸಿಗೆಯಲ್ಲಿ ನೀರಿನ ಬಿಸಿ 32 ಡಿಗ್ರಿ ದಾಟಿದರೆ ಅದು ಮುನಿಸಿಕೊಳ್ಳುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ಏಪ್ರಿಲ್–ಮೇ ತಿಂಗಳಲ್ಲಿ ಇದು ವಾಡಿಕೆಯ ಮಾತು. ನೆಡುವಾಗ ಬೇರು ಜಲ್ಲಿಯೊಳಗೆ, ಎಲೆಗಳು ಕೂಡುವ ಸುಳಿ ಜಲ್ಲಿಯ ಮಟ್ಟಕ್ಕೆ ಸರಿಯಾಗಿ ಇರಬೇಕು. ಸುಳಿ ಮುಚ್ಚಿದರೆ ಅನುಬಿಯಾಸಿನ ಗತಿಯೇ ಇದಕ್ಕೂ.

ಇನ್ನೊಂದು ಸಾಧ್ಯತೆಯೂ ಇದೆ: ಕೊಂಡದ್ದು ಜಲಸಸ್ಯವೇ ಅಲ್ಲದಿರಬಹುದು. ಲಕ್ಕಿ ಬ್ಯಾಂಬೂ ಎನ್ನುವ ಡ್ರಸೀನಾ, ಸಿಂಗೋನಿಯಂ, ಮಾಂಡೋ ಹುಲ್ಲು, ನೇರಳೆ ಬಣ್ಣದ ಹೆಮಿಗ್ರಾಫಿಸ್, ಇವೆಲ್ಲ ತೊಟ್ಟಿಯ ಗಿಡವೆಂದು ಮಾರಾಟವಾಗುವುದನ್ನು ನೋಡಿದ್ದೇನೆ. ಇವು ಮುಳುಗಿದ ಮೇಲೂ ತಿಂಗಳೆರಡು ತಿಂಗಳು ಹಸಿರಾಗಿ ಕಾಣುತ್ತವೆ, ಒಂದೂ ಹೊಸ ಎಲೆ ಬಿಡದೆ ಕೊಳೆಯುತ್ತವೆ. ನೀರಿನಿಂದ ಎತ್ತಿದಾಗ ಎಲೆ ಜೋತು ಬೀಳದೆ ಒಣ ನೆಲದ ಗಿಡದಂತೆ ಸೆಟೆದು ನಿಂತರೆ ಸಂಶಯಪಡಬೇಕು, ಆದರೆ ಅದೊಂದರಿಂದಲೇ ತೀರ್ಮಾನಿಸುವಂತಿಲ್ಲ, ಅನುಬಿಯಾಸ್ ಎಲೆಯೂ ಸೆಟೆದೇ ಇರುತ್ತದೆ. ಡ್ರಸೀನಾ ಮತ್ತು ಮನಿಪ್ಲಾಂಟನ್ನು ಬೇರು ಮಾತ್ರ ನೀರಿನಲ್ಲಿ, ಎಲೆ ಹೊರಗೆ ಇರುವಂತೆ ತೊಟ್ಟಿಯ ಅಂಚಿಗೆ ಸಿಕ್ಕಿಸಿದರೆ ಚೆನ್ನಾಗಿಯೇ ಬೆಳೆಯುತ್ತವೆ.

ಲಕ್ಷಣ: ಜಾವಾ ಫರ್ನ್ ಎಲೆಯ ಅಡಿಯಲ್ಲಿ ಸಾಲಾಗಿ ಕಂದು ಗುಳ್ಳೆ

ಇದು ರೋಗವಲ್ಲ. ಜರೀಗಿಡಗಳಲ್ಲಿ ಹೆಚ್ಚಿನವು ಎಲೆಯ ಅಡಿಯಲ್ಲಿ ಬೀಜಕಗಳ ಚೀಲ ಹೊರುತ್ತವೆ, ಜಾವಾ ಫರ್ನ್ ಕೂಡ ಜರೀಗಿಡವೇ. ಎಲೆಯ ತುದಿಯಲ್ಲೋ ಅಂಚಿನಲ್ಲೋ ಕಪ್ಪು ಕೂದಲಿನಂಥ ಬೇರು ಮತ್ತು ಪುಟ್ಟ ಎಲೆ ಮೂಡಿದರೆ ಅದು ಮರಿಗಿಡ. ಎರಡು ಮೂರು ಎಲೆ ಬಂದ ಮೇಲೆ ಬಿಡಿಸಿ ಕಲ್ಲಿಗೆ ಕಟ್ಟಬಹುದು. ಇಡೀ ಎಲೆ ಕಪ್ಪಾಗಿ ಮೆತ್ತಗಾದರೆ ಮಾತ್ರ ರೈಜೋಮನ್ನು ಒತ್ತಿ ನೋಡಬೇಕು.

ಲಕ್ಷಣ: ಬೇರೆ ಬೇರೆ ಜಾತಿಯ ಗಿಡಗಳೆಲ್ಲ ಒಂದೇ ವಾರದಲ್ಲಿ ಸೊರಗಿದವು

ಇಲ್ಲಿ ನೀರಿನ ವಿಚಾರಣೆ ಆಗಬೇಕು, ಮತ್ತು ಅದು ಕಳೆದ ಹದಿನೈದು ದಿನಗಳಲ್ಲಿ ನೀರಿಗೆ ಏನೇನು ಸೇರಿತು ಎಂಬ ಪ್ರಾಮಾಣಿಕ ಪಟ್ಟಿಯಿಂದ ಆರಂಭವಾಗಬೇಕು.

ಮೊದಲ ಆರೋಪಿ ಕಲ್ಲುಪ್ಪು. ‘ಫೈಟರ್‌ಗೆ ವಾರಕ್ಕೊಂದು ಚಮಚ ಉಪ್ಪು ಹಾಕಿ, ಕಾಯಿಲೆ ಬರಲ್ಲ’ ಎಂಬ ಸಲಹೆ ಎಷ್ಟು ಸಾಮಾನ್ಯವೆಂದರೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಬೆಟ್ಟಾ ಥಾಯ್ಲೆಂಡಿನ ಗದ್ದೆ ಬಯಲಿನ ಸಿಹಿನೀರಿನ ಮೀನು. ನಿತ್ಯದ ಬದುಕಿಗೆ ಅದಕ್ಕೆ ಉಪ್ಪು ಬೇಡ. ನೀರು ಆವಿಯಾದಾಗ ಉಪ್ಪು ಹಿಂದೆ ಉಳಿಯುತ್ತದೆ, ಕಡಿಮೆಯಾದ ನೀರನ್ನು ತುಂಬಿಸಿ ಮತ್ತೊಂದು ಚಮಚ ಹಾಕಿದಾಗ ಅದು ಕೂಡುತ್ತಾ ಹೋಗುತ್ತದೆ. ಜಾವಾ ಫರ್ನ್ ಸ್ವಲ್ಪ ಸಹಿಸೀತು. ಕ್ರಿಪ್ಟ್ ಮತ್ತು ಹಾರ್ನ್‌ವರ್ಟ್ ಸಹಿಸುವುದಿಲ್ಲ. ಉಪ್ಪಿನ ಚಿಕಿತ್ಸೆ ನಿಜಕ್ಕೂ ಬೇಕಾದರೆ ಮೀನನ್ನು ಬೇರೆ ಪಾತ್ರೆಗೆ ವರ್ಗಾಯಿಸಿ ಅಲ್ಲಿ ಮಾಡಬೇಕು. ಮಿಥಿಲೀನ್ ಬ್ಲೂ, ತಾಮ್ರ ಸೇರಿದ ಔಷಧಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಎರಡನೆಯದು ನೀರಿನ ಮೂಲ. ಬೆಂಗಳೂರಿನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಸೋಮವಾರ ಕಾವೇರಿ ನೀರು, ಗುರುವಾರ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್ ಬರುವುದುಂಟು. ನಲ್ಲಿ ಒಂದೇ ಆದರೂ ನೀರು ಮೂರು ಬಗೆಯದು. ಆರ್‌ಒ ಯಂತ್ರದ ಸರ್ವಿಸಿಗೆ ಬರುವವರ ಕೈಯಲ್ಲಿರುವ, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಇಲ್ಲಿ ಅಗ್ಗದ ಸಹಾಯಕ. ನಲ್ಲಿಯ ನೀರು ಮತ್ತು ತೊಟ್ಟಿಯ ನೀರು ಎರಡನ್ನೂ ಅಳೆದು ಹೋಲಿಸಬೇಕು. ನಲ್ಲಿಯಲ್ಲಿ 250, ತೊಟ್ಟಿಯಲ್ಲಿ 700 ಇದ್ದರೆ ತೊಟ್ಟಿಯೊಳಗೇ ಏನೋ ಕರಗುತ್ತಿದೆ ಅಥವಾ ಕೂಡಿಕೊಳ್ಳುತ್ತಿದೆ ಎಂದರ್ಥ. ನಲ್ಲಿಯ ಅಂಕಿಯೇ ವಾರದಿಂದ ವಾರಕ್ಕೆ ಜಿಗಿಯುತ್ತಿದ್ದರೆ ಒಮ್ಮೆಗೆ ಕಾಲು ಭಾಗಕ್ಕಿಂತ ಹೆಚ್ಚು ನೀರು ಬದಲಿಸಬಾರದು.

ಕಟ್ಟಡಕ್ಕೆ ವಾಟರ್ ಸಾಫ್ಟನರ್ ಇದ್ದರೆ ಮೀಟರ್ ಮೋಸ ಮಾಡುತ್ತದೆ. ಅದು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ; ಹೀಗಾಗಿ ಟಿಡಿಎಸ್ ಅಂಕಿ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ಗಿಡಕ್ಕೆ ಬೇಕಾದದ್ದು ಮಾತ್ರ ಇರುವುದಿಲ್ಲ. ಸೋಪು ಹಚ್ಚಿ ಕೈ ತೊಳೆದಾಗ ನೊರೆ ಸುಲಭವಾಗಿ ಎದ್ದು, ಎಷ್ಟು ತೊಳೆದರೂ ಕೈ ಜಾರುತ್ತಿದ್ದರೆ ಅದು ಸಾಫ್ಟನರ್ ನೀರು. ಅಂಥ ಕಡೆ ಸಾಫ್ಟನರಿಗೆ ಮೊದಲಿನ ನಲ್ಲಿ ಎಲ್ಲಿದೆಯೆಂದು ಕಾವಲುಗಾರರನ್ನೋ ಪ್ಲಂಬರನ್ನೋ ಕೇಳಿ ಅಲ್ಲಿಂದ ನೀರು ತರುವುದು ಉತ್ತಮ. ಶುದ್ಧ ಆರ್‌ಒ ನೀರೊಂದನ್ನೇ ಬಳಸುವುದೂ ಸರಿಯಲ್ಲ, ಖನಿಜವಿಲ್ಲದ ನೀರಿನಲ್ಲಿ ಆಮ್ಲೀಯತೆ ಸುಲಭವಾಗಿ ಏರುಪೇರಾಗುತ್ತದೆ. ಬೋರ್‌ವೆಲ್ ನೀರು ತೀರಾ ಗಡಸಾಗಿದ್ದರೆ ಅದಕ್ಕೆ ಅರ್ಧದಷ್ಟು ಆರ್‌ಒ ಬೆರೆಸಬಹುದು.

ಮೂರನೆಯದು ತಳದ ಕಲ್ಲು. ಅಂದಕ್ಕೆಂದು ಹಾಕುವ ಬಿಳಿ ಚಿಪ್ಸ್ ಅನೇಕ ವೇಳೆ ಅಮೃತಶಿಲೆಯ ಚೂರು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಚೂರನ್ನು ಒರೆಸಿ ಒಣಗಿಸಿ, ಚಾಕುವಿನ ಮೊನೆಯಿಂದ ಒಂದು ಗೀರು ಎಳೆದು, ಆ ಗೀರಿನ ಪುಡಿಯ ಮೇಲೆ ಅಡುಗೆಮನೆಯ ವಿನೆಗರ್ ಎರಡು ಹನಿ ಬಿಡಬೇಕು. ಕಿವಿ ಹತ್ತಿರ ಹಿಡಿದರೆ ಸಣ್ಣ ಚಿರ್ ಸದ್ದು, ಕಣ್ಣಿಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳ ಸಾಲು ಕಂಡರೆ ಅದು ನೀರಿನ ಗಡಸುತನ ಏರಿಸುವ ಕಲ್ಲು. ಅದನ್ನು ಒಮ್ಮೆಗೇ ತೆಗೆಯದೆ ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕು, ಇಲ್ಲವಾದರೆ ಅದರ ಮೇಲಿರುವ ಉಪಕಾರಿ ಬ್ಯಾಕ್ಟೀರಿಯಾಗಳೂ ಹೋಗುತ್ತವೆ.

‘ಲಿಕ್ವಿಡ್ ಕಾರ್ಬನ್’ ಎಂಬ ದ್ರವ ಬಳಸುತ್ತಿದ್ದರೆ ಅದನ್ನು ನಿಲ್ಲಿಸಿ ನೋಡಬೇಕು. ಅದರಲ್ಲಿರುವುದು ಸಾಮಾನ್ಯವಾಗಿ ಗ್ಲುಟರಾಲ್ಡಿಹೈಡ್, ಅದು ಸೋಂಕುನಿವಾರಕ. ವ್ಯಾಲಿಸ್ನೇರಿಯ ಮತ್ತು ಮಾಸ್ ಜಾತಿಯ ಗಿಡಗಳು ಅದರಿಂದ ಕರಗುವುದು ಹೊಸದೇನಲ್ಲ, ಅಳತೆ ಮೀರಿದರೆ ಮೀನಿಗೂ ಅಪಾಯ. ಅದು ಚರ್ಮಕ್ಕೂ ಕಣ್ಣಿಗೂ ಒಳ್ಳೆಯದಲ್ಲ.

ಲಕ್ಷಣ: ಗಿಡ ಬದುಕಿದೆ, ಆದರೆ ಎಲೆಯ ಮೇಲೆ ಪಾಚಿ ಕೂತಿದೆ

ಇಲ್ಲಿಂದ ಬೆಳಕಿನ ವಿಷಯ, ಮತ್ತು ಹತ್ತರಲ್ಲಿ ಎಂಟು ಬಾರಿ ಅದು ಹೆಚ್ಚಾದ ಬೆಳಕಿನ ವಿಷಯ. ಅನುಬಿಯಾಸ್ ತಿಂಗಳಿಗೆ ಒಂದೆರಡು ಎಲೆ ಬಿಡುವ ನಿಧಾನದ ಗಿಡ. ಅದು ಬಳಸಲಾರದ ಬೆಳಕನ್ನು ಪಾಚಿ ಬಳಸಿಕೊಳ್ಳುತ್ತದೆ.

ಹೊಸ ತೊಟ್ಟಿಯ ಮೊದಲ ವಾರಗಳಲ್ಲಿ ಗಾಜಿಗೂ ಎಲೆಗೂ ಹತ್ತುವ ಕಾಫಿಪುಡಿಯಂಥ ಕಂದು ಧೂಳು ಡಯಾಟಮ್. ಬೆರಳಿನಿಂದ ಒರೆಸಿದರೆ ಹೋಗುತ್ತದೆ, ಒಂದೆರಡು ತಿಂಗಳಲ್ಲಿ ಬರುವುದೂ ನಿಲ್ಲುತ್ತದೆ. ಒರೆಸಿದರೂ ಹೋಗದ, ಉಗುರಿನಿಂದ ಕೆರೆಯಬೇಕಾದ ಹಸಿರು ಚುಕ್ಕೆಗಳು ಹಳೆಯ ಅನುಬಿಯಾಸ್ ಎಲೆಗಳ ಮೇಲೆ ಬಂದರೆ ಬೆಳಕಿನ ಅವಧಿ ಉದ್ದವಾಗಿದೆ. ಎಲೆಯ ಅಂಚಿನಲ್ಲಿ ಬೂದು ಕಪ್ಪು ಕುಚ್ಚು ಗಡ್ಡದಂತೆ ನಿಂತರೆ ಕೊಳೆ ಹೆಚ್ಚಾಗಿದೆ, ನೀರು ಬದಲಾವಣೆ ಸಾಲದಾಗಿದೆ. ಆ ಎಲೆಯನ್ನು ಕತ್ತರಿಸಿ ತೆಗೆಯುವುದೇ ಸುಲಭ. ಇವುಗಳಿಗಿಂತ ಬೇರೆಯಾದದ್ದು ನೀಲಿ ಮಿಶ್ರಿತ ಹಸಿರಿನ ಲೋಳೆ ಹಾಳೆ. ಅದು ಚಾಪೆಯಂತೆ ಸುತ್ತಿಕೊಂಡು ಏಳುತ್ತದೆ, ಕೆಟ್ಟ ವಾಸನೆ ಇರುತ್ತದೆ. ಅದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಕೈಲಾದಷ್ಟು ಹೀರಿ ತೆಗೆದು, ನೀರು ಬದಲಿಸಿ, ತೊಟ್ಟಿಗೆ ದಪ್ಪ ಬಟ್ಟೆ ಹೊದಿಸಿ ಮೂರು ದಿನ ಕತ್ತಲಲ್ಲಿ ಇಡುವುದು ಮೊದಲ ಹೆಜ್ಜೆ. ಗಾಳಿಯಾಡಲು ಮೇಲೆ ಸಂದು ಬಿಡಬೇಕು. ಈ ನಿಧಾನದ ಗಿಡಗಳಿಗೂ ಮೀನಿಗೂ ಮೂರು ದಿನದ ಕತ್ತಲಿನಿಂದ ಏನೂ ಆಗುವುದಿಲ್ಲ. ಇದಕ್ಕೆಂದು ಆಂಟಿಬಯೋಟಿಕ್ ಮಾತ್ರೆ ಪುಡಿಮಾಡಿ ಹಾಕುವವರಿದ್ದಾರೆ, ಅದು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲಬಹುದು. ಬಲ್ಲವರನ್ನು ಕೇಳದೆ ಮಾಡಬಾರದು.

ಲೈಟಿಗೆ ಟೈಮರ್ ಹಾಕಿ ದಿನಕ್ಕೆ ಆರು ಗಂಟೆಗೆ ಇಳಿಸುವುದು ಪಾಚಿಗೆ ಮೊದಲ ಮದ್ದು. ಆರಕ್ಕೆ ಇಳಿಸಿದರೂ ಪಾಚಿ ನಿಲ್ಲದಿದ್ದರೆ ಕಿಟಕಿಯನ್ನು ನೋಡಬೇಕು. ಮಳೆಗಾಲದಲ್ಲಿ ನೆರಳಿನಲ್ಲಿದ್ದ ತೊಟ್ಟಿಗೆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಚಾಚುತ್ತದೆ, ಏಕೆಂದರೆ ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನೀವು ಕಚೇರಿಯಲ್ಲಿರುವ ಹೊತ್ತಿನ ಆ ಒಂದು ಗಂಟೆಯ ಬಿಸಿಲು ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ರಜೆಯ ದಿನ ಗಂಟೆಗೊಮ್ಮೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಮೀನಿಗೆ ಹಾಕುವ ಆಹಾರವನ್ನೂ ಎಣಿಸಬೇಕು. ಹೊತ್ತಿಗೆ ಮೂರ್ನಾಲ್ಕು ಕಾಳಿಗಿಂತ ಹೆಚ್ಚು ಹಾಕಿದರೆ ಉಳಿದದ್ದು ಪಾಚಿಗೆ ಗೊಬ್ಬರ.

ಲಕ್ಷಣ: ಹೊಸ ಎಲೆ ಚಿಕ್ಕದು, ತೊಟ್ಟು ಉದ್ದ, ಗಿಡ ಮೇಲಕ್ಕೆ ಸಪೂರವಾಗಿ ಚಾಚಿದೆ

ಇದು ನಿಜವಾದ ಬೆಳಕಿನ ಕೊರತೆಯ ಗುರುತು. ಪಾಚಿಯ ಸುಳಿವೇ ಇಲ್ಲದೆ, ಹಳೆಯ ಎಲೆಗಿಂತ ಹೊಸ ಎಲೆ ಚಿಕ್ಕದಾಗುತ್ತಾ, ಜಾವಾ ಮಾಸ್ ಗಿಡ ಎಳೆಎಳೆಯಾಗಿ ತೆಳುವಾಗುತ್ತಾ ಬಂದರೆ ಬೆಳಕು ತಳಕ್ಕೆ ತಲುಪುತ್ತಿಲ್ಲ. ಹಾಗೆಂದು ಕೂಡಲೇ ಹೊಸ ಲೈಟು ಕೊಳ್ಳಬೇಕಿಲ್ಲ.

ತೊಟ್ಟಿಯ ಮೇಲಿನ ಗಾಜಿನ ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿ. ಗಡಸು ನೀರಿನ ಊರಿನಲ್ಲಿ ಅದರ ಮೇಲೆ ಗೀಸರಿನಲ್ಲಿ ಕಟ್ಟುವಂಥ ಬಿಳಿ ಪೊರೆ ಕಟ್ಟಿರುತ್ತದೆ. ವಿನೆಗರ್ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ನೀರಿನಲ್ಲಿ ತೊಳೆದರೆ ಕಾಸು ಖರ್ಚಿಲ್ಲದೆ ಬೆಳಕು ಹೆಚ್ಚುತ್ತದೆ. ಆಮೇಲೆ ಬಾದಾಮಿ ಎಲೆ. ಬೀದಿಬದಿಯ ಕಾಡುಬಾದಾಮಿ ಮರದ ಒಣ ಎಲೆಯನ್ನು ಬೆಟ್ಟಾ ಸಾಕುವವರೆಲ್ಲ ಹಾಕುತ್ತಾರೆ, ಮೀನಿಗೆ ಅದು ಹಿತವೂ ಹೌದು. ಆದರೆ ಅದರ ಟ್ಯಾನಿನ್ ನೀರನ್ನು ಡಿಕಾಕ್ಷನ್ ಬಣ್ಣಕ್ಕೆ ತಿರುಗಿಸಿ ಬೆಳಕನ್ನು ನುಂಗುತ್ತದೆ. 15 ಲೀಟರಿಗೆ ಅಂಗೈಯಗಲದ ಒಂದು ತುಂಡು ಸಾಕು. ನೀರು ತಿಳಿ ಚಹಾದ ಬಣ್ಣ ದಾಟಿದರೆ ತೆಗೆಯಬೇಕು. ತೇಲುವ ಗಿಡಗಳು ನೀರಿನ ಮೇಲ್ಮೈಯನ್ನು ಪೂರ್ತಿ ಮುಚ್ಚಿದ್ದರೆ ಅರ್ಧದಷ್ಟನ್ನು ತೆಗೆಯಬೇಕು. ಇಷ್ಟೂ ಆದ ಮೇಲೆ ಗಿಡವನ್ನೇ ಬೆಳಕಿನ ಹತ್ತಿರಕ್ಕೆ ಒಯ್ಯಬಹುದು: ಕಲ್ಲಿಗೆ ಕಟ್ಟಿದ ಅನುಬಿಯಾಸನ್ನು ಎತ್ತರದ ಮರದ ತುಂಡಿನ ಮೇಲೆ ಇಟ್ಟರೆ ಬೆಟ್ಟಾಗೆ ಮೇಲ್ಮೈ ಹತ್ತಿರ ಮಲಗಲು ಜಾಗವೂ ಸಿಗುತ್ತದೆ. ಕೊನೆಗೆ ಅವಧಿಯನ್ನು ಆರರಿಂದ ಎಂಟು ಗಂಟೆಗೆ ಏರಿಸಿ ಎರಡು ವಾರ ಕಾಯಬೇಕು. ಅದೂ ಸೋತರೆ ಸುಮಾರು 6500 ಕೆಲ್ವಿನ್ ಬಿಳಿ ಬೆಳಕಿನ ಸಣ್ಣ ಎಲ್‌ಇಡಿ ಕೊಳ್ಳಬಹುದು. ನೀಲಿ, ನೇರಳೆ ಬಣ್ಣದ ಅಲಂಕಾರದ ಲೈಟು ಕಣ್ಣಿಗೆ ಮಾತ್ರ.

ಲಕ್ಷಣ: ಎಲೆ ಹಳದಿ, ಅಥವಾ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು

ತೂತು ಕಂಡೊಡನೆ ಬಸವನಹುಳುವನ್ನು ದೂರುವುದು ರೂಢಿ. ತೊಟ್ಟಿಯ ಸಾಮಾನ್ಯ ಹುಳುಗಳು ಸಾಯುತ್ತಿರುವ ಅಂಗಾಂಶವನ್ನೇ ಹೆಚ್ಚಾಗಿ ಮೇಯುತ್ತವೆ. ಅವು ತೂತಾದ ಮೇಲೆ ಬಂದವು, ಅದಕ್ಕೆ ಮೊದಲಲ್ಲ. ಹಳೆಯ ಎಲೆಯಲ್ಲಿ ಹಳದಿ ಅಂಚಿನ ಸಣ್ಣ ತೂತು ಪೊಟ್ಯಾಸಿಯಂ ಕೊರತೆಯನ್ನು ಸೂಚಿಸುತ್ತದೆ, ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆಯನ್ನು. ಈ ಪೋಷಕಾಂಶಗಳನ್ನು ಗಿಡ ಹಳೆಯ ಎಲೆಯಿಂದ ಹೊಸದಕ್ಕೆ ಸಾಗಿಸಬಲ್ಲದು, ಆದ್ದರಿಂದ ನಷ್ಟ ಹಳೆಯದಕ್ಕೆ. ಕಬ್ಬಿಣವನ್ನು ಹಾಗೆ ಸಾಗಿಸಲಾಗದು, ಅದು ಕಡಿಮೆಯಾದಾಗ ಹೊಸ ಎಲೆಯೇ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿ ಉಳಿಯುತ್ತದೆ.

ಜಲಸಸ್ಯಗಳಿಗೆಂದೇ ಮಾಡಿದ ದ್ರವ ಗೊಬ್ಬರವನ್ನು ಬಾಟಲಿಯ ಮೇಲೆ ಹೇಳಿದ ಅರ್ಧ ಪ್ರಮಾಣದಲ್ಲಿ ವಾರಕ್ಕೊಮ್ಮೆ ಹಾಕಿದರೆ ಈ ಗಿಡಗಳಿಗೆ ಸಾಕು. ಬೇರಿನಿಂದ ಉಣ್ಣುವ ಕ್ರಿಪ್ಟಿಗೆ ಬುಡದಲ್ಲಿ ಹೂಳುವ ಗೊಬ್ಬರದ ಗುಳಿಗೆ ಇನ್ನೂ ಒಳ್ಳೆಯದು. ತೋಟದ ಯೂರಿಯಾ, ಡಿಎಪಿ, ಸಗಣಿ ಗೊಬ್ಬರ, ಇವನ್ನು ಒಂದು ಚಿಟಿಕೆಯೂ ಹಾಕಬಾರದು. ಅವುಗಳಿಂದ ನೀರಿನಲ್ಲಿ ಅಮೋನಿಯ ಏರಿ ಮೀನು ರಾತ್ರಿ ಕಳೆಯುವುದರೊಳಗೆ ಸಾಯಬಹುದು.

ಲಕ್ಷಣ: ಗಿಡದ ಜತೆಗೆ ಮೀನೂ ಮಂಕಾಗಿದೆ

ಗಿಡದ ಚಿಂತೆಯನ್ನು ಇಲ್ಲಿಗೆ ನಿಲ್ಲಿಸಬೇಕು. ಬೆಟ್ಟಾ ಆಗಾಗ ಮೇಲೆ ಬಂದು ಗಾಳಿ ನುಂಗುವುದು ಸಹಜ, ಅದಕ್ಕೆ ಕಿವಿರಿನ ಜತೆಗೆ ಗಾಳಿ ಉಸಿರಾಡುವ ಲ್ಯಾಬಿರಿಂತ್ ಎಂಬ ಅಂಗವಿದೆ. ಬಿಡದೆ ಮೇಲೆಯೇ ಬಾಯಿ ತೆರೆಯುತ್ತಿದ್ದರೆ, ರೆಕ್ಕೆ ಮುದುಡಿದ್ದರೆ, ತಳದಲ್ಲಿ ಬಿದ್ದುಕೊಂಡು ಆಹಾರ ಬಿಟ್ಟಿದ್ದರೆ ಅಮೋನಿಯವನ್ನು ಶಂಕಿಸಬೇಕು. ಕೊಳೆಯುತ್ತಿರುವ ಎಲೆ, ರೈಜೋಮು ಎಲ್ಲವನ್ನೂ ತೆಗೆದು, ಮೂರನೆಯ ಒಂದು ಭಾಗದಷ್ಟು ನೀರನ್ನು ಅದೇ ದಿನ ಬದಲಿಸಬೇಕು. ಹೊಸ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಬೇಕು, ಆಂಟಿಕ್ಲೋರಿನ್ ಹನಿ ಹಾಕಿದ್ದಿರಬೇಕು. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಬರುವವರೆಗೆ ಗೊಬ್ಬರ, ಔಷಧಿ, ಹೊಸ ಗಿಡ ಯಾವುದೂ ಬೇಡ. ತೇಲುವ ಗಿಡಗಳ ನಡುವೆ ಮೇಲ್ಮೈಯ ಮೂರನೆಯ ಒಂದು ಭಾಗವಾದರೂ ತೆರೆದಿರಬೇಕು. ಎರಡು ದಿನದಲ್ಲಿ ಚೇತರಿಕೆ ಕಾಣದಿದ್ದರೆ, ಅಥವಾ ಮೈಮೇಲೆ ಬಿಳಿ ಚುಕ್ಕೆ, ಹತ್ತಿಯಂಥ ಬೆಳವಣಿಗೆ, ಎದ್ದ ಹುರುಪೆ ಕಂಡರೆ ಮೀನಿನ ರೋಗ ಬಲ್ಲ ಪಶುವೈದ್ಯರನ್ನು ಕಾಣಬೇಕು. ಹೋಗುವಾಗ ಒಂದು ಸ್ವಚ್ಛ ಬಾಟಲಿಯಲ್ಲಿ ತೊಟ್ಟಿಯ ನೀರು, ಮತ್ತು ಕಳೆದ ತಿಂಗಳು ಹಾಕಿದ್ದೆಲ್ಲದರ ಪಟ್ಟಿ ಜತೆಗಿದ್ದರೆ ಅವರ ಕೆಲಸ ಅರ್ಧ ಮುಗಿದಂತೆ.

ಗಿಡವನ್ನೇ ಬದಲಿಸಬೇಕಾದಾಗ

ಮೇಲಿನದೆಲ್ಲ ನೋಡಿ, ಒಂದೊಂದೇ ಬದಲಾವಣೆ ಮಾಡಿ ಎರಡೆರಡು ವಾರ ಕಾದರೂ ಒಂದು ಗಿಡ ಒಗ್ಗದಿದ್ದರೆ ಅದನ್ನು ಬಿಡುವುದು ಸರಿ. ಗಡಸು ಬೋರ್‌ವೆಲ್ ನೀರಿನ ಮನೆಗೆ ನನ್ನ ಮೊದಲ ಆಯ್ಕೆ ಅನುಬಿಯಾಸ್ ನಾನಾ, ಎರಡನೆಯದು ಜಾವಾ ಫರ್ನ್. ಶ್ರೀಲಂಕಾ ಮೂಲದ ಕ್ರಿಪ್ಟೊಕೊರೈನ್ ವೆಂಟೀ ಬಹುತೇಕ ಎಲ್ಲ ನೀರಿಗೂ ಒಗ್ಗುತ್ತದೆ, ತಾಳ್ಮೆ ಬೇಕಷ್ಟೆ. ಬೋರ್ನಿಯೋದ ಬುಸೆಫಲಾಂಡ್ರ ಚೆಲುವಾದದ್ದೇ, ಆದರೆ ಬೆಲೆ ನೋಡಿದರೆ ಅದನ್ನು ಮೊದಲ ಗಿಡವಾಗಿ ಯಾರಿಗೂ ಹೇಳಲಾರೆ. ಅಗ್ಗವೆಂದು ಸಿಗುವ ಕಬೊಂಬ ಕಡಿಮೆ ಬೆಳಕಿನ ಗಿಡವಲ್ಲ.

ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್, ಲ್ಯಾಜಿನಾಂಡ್ರ ಮೊದಲಾದವು ತಾವಾಗಿ ಬೆಳೆಯುತ್ತವೆ. ಪ್ರವಾಸ ಹೋದಾಗ ಕಿತ್ತು ತರುವ ಆಸೆಯನ್ನು ಬಿಡಬೇಕು. ಹರಿಯುವ ತಣ್ಣನೆಯ ಹೊಳೆಯಿಂದ ಬಂದದ್ದು ಬೆಚ್ಚಗಿನ ನಿಂತ ನೀರಿನಲ್ಲಿ ಬದುಕುವುದು ಕಷ್ಟ. ಕೆರೆ ಹೊಳೆಯ ಗಿಡದ ಜತೆ ಜಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿ ಬರುತ್ತವೆ, ಆ ಮರಿ ಸಣ್ಣ ಮೀನನ್ನೇ ಹಿಡಿದು ತಿನ್ನಬಲ್ಲದು.

ಹೊಸ ಗಿಡವನ್ನು ಎರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು, ಹುಳುಗಳ ಮೊಟ್ಟೆಯ ಲೋಳೆಮುದ್ದೆಗಳನ್ನು ಒರೆಸಿ ತೆಗೆದು, ಆಮೇಲೆ ತೊಟ್ಟಿಗೆ ಸೇರಿಸಬೇಕು. ತೆಗೆದ ಹಳೆಯ ಗಿಡ, ಹೆಚ್ಚಾದ ತೇಲುಗಿಡ, ಅವನ್ನು ತೊಳೆದ ನೀರು ಇವು ಮಳೆನೀರಿನ ಚರಂಡಿಗಾಗಲಿ ಕೆರೆಗಾಗಲಿ ಹೋಗಬಾರದು. ಬೆಂಗಳೂರಿನ ಕೆರೆಗಳನ್ನು ಹೊದ್ದಿರುವ ವಾಟರ್ ಹಯಸಿಂತ್ ಕೂಡ ದಕ್ಷಿಣ ಅಮೆರಿಕದಿಂದ ಬಂದ ಅಂದದ ಗಿಡವೇ. ಗಿಡವನ್ನು ಟೆರೇಸಿನ ಮೇಲೆ ಎರಡು ದಿನ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ ಹಸಿಕಸದ ಬುಟ್ಟಿಗೆ ಹಾಕಬೇಕು, ನೀರನ್ನು ಕುಂಡದ ಗಿಡಗಳಿಗೆ ಸುರಿಯಬಹುದು.